ಹಾಲು ಒಲ್ಲದ ಕೂಸು

ಕಾಲುವೆ ನೀರು ಬಂದು ಸುರಪುರದ ಕಡೆ ಭತ್ತದ ನಾಟಿ ಶುರುವಾಗಿದ್ದ ಹೊಸತು. ನಾನು ಬೋನಾಳದ ಹತ್ತಿರ ಒಂದು ಊರಲ್ಲಿ ನರ್ಸ್ ಆಗಿದ್ದೆ. ಒಂದು ಮಧ್ಯಾಹ್ನ ನಿಂಗಮ್ಮ ಕೆಸರುಗಾಲಲ್ಲೇ, ವರ್ಷ ದಾಟಿದ ಮಗಳನ್ನು ಎತ್ತಿಕೊಂಡು ಬಂದಳು.

“ಈಕಿ ಮೊಲಿ ಒಲ್ಲೆ ಅಂತಾಳ್ರಿ ಸಿಸ್ಟರ್. ಬರೇ ಹಠ ಮಾಡಾಕತ್ತಾಳ.”

ಕೂಸು ಗಟ್ಟಿಮುಟ್ಟಾಗಿತ್ತು. ನನ್ನ ಕಣ್ಣು ಬಿದ್ದದ್ದು ತಾಯಿಯ ಬಾತುಕೊಂಡ ಕಾಲುಗಳ ಮೇಲೆ.

“ದಿನಾ ಕೆಸರಾಗ ನಿಂತ್ರ ಬಾವು ಬರೂದಿಲ್ಲೇನ್ರಿ?” ಎಂದಳು.

“ಮುಟ್ಟು ಆಗೀಯೇನು?”

“ಹಾಲು ಕುಡಿಸೋರಿಗೆ ಎಲ್ಲಿ ಮುಟ್ಟರಿ? ಈಕೀನ ಹಡದ ಮ್ಯಾಲ ಆಗೇ ಇಲ್ಲ.”

ಬಿ.ಪಿ. ನೋಡಿದೆ, ವಿಪರೀತ ಏರಿತ್ತು. ಹೊಟ್ಟೆ ಮುಟ್ಟಿದೆ. ಒಳಗಿಂದ ಯಾರೋ ನನ್ನ ಅಂಗೈಗೆ ಒದ್ದರು. ಆಕೆ ಅದನ್ನು ವಾಯು ಅಂದುಕೊಂಡಿದ್ದಳು. ಏಳು ತಿಂಗಳ ಬಸುರಿ! ಹಾಗೇ ಬಿಟ್ಟಿದ್ದರೆ ಫಿಟ್ಸ್ ಬಂದು ತಾಯಿ, ಹೊಟ್ಟೆಯೊಳಗಿನ ಕೂಸು ಇಬ್ಬರೂ ಹೋಗಿಬಿಡುತ್ತಿದ್ದರೇನೋ. ಕೂಡಲೇ ಜೀಪಿನಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದೆ. ಇಬ್ಬರೂ ಉಳಿದರು.

ಬಸಿರಾದರೆ ಎದೆಹಾಲಿನ ರುಚಿ ಬದಲಾಗುತ್ತದೆ. ಹೊತ್ತ ತಾಯಿಗೇ ಗೊತ್ತಿರದ ಸುದ್ದಿ ಆ ಪುಟ್ಟ ನಾಲಿಗೆಗೆ ಗೊತ್ತಾಗಿತ್ತು.

ಹಡೆದು ಬಂದ ನಿಂಗಮ್ಮ ದೊಡ್ಡವಳ ಗಲ್ಲ ಹಿಂಡಿದಳು: “ಗೊತ್ತಿದ್ರ ಒಂದ್ ಮಾತು ಹೇಳಬಾರದೇನ ಯವ್ವಾ?”

ಕೂಸು ಹೇಳಿಯೇ ಇತ್ತು. ನಾವು ಅದನ್ನ ಹಠ ಅಂದಿದ್ದೆವು.