ಹಿಮಕ್ಕೆಂದು ಕೊಂಡ ಬ್ಯಾಗು

ನಾನಾಗ ಪರದೇಶದಲ್ಲಿ, ಕಾರ್ಖಾನೆಗಳದೇ ದ್ವೀಪವಾದ ಜುರಾಂಗ್ ಐಲ್ಯಾಂಡ್‌ನ ಒಂದು ಪೆಟ್ರೋಕೆಮಿಕಲ್ ಘಟಕದಲ್ಲಿ ಇಂಜಿನಿಯರ್ ಆಗಿದ್ದೆ. ಎರಡು ಸಾವಿರದ ದಶಕದ ನಡುವಿನ ವರ್ಷಗಳು ಅವು. ದ್ವೀಪದಲ್ಲಿ ಎತ್ತ ನೋಡಿದರೂ ಕ್ರೇನುಗಳು, ಎಲ್ಲರಿಗೂ ಕೈತುಂಬ ಕೆಲಸ. ನಮ್ಮ ಹೊಸ ಘಟಕ ಅಂದುಕೊಂಡದ್ದಕ್ಕಿಂತ ಮೊದಲೇ ಚಾಲೂ ಆಯಿತೆಂದು ಕಂಪನಿಯವರು ಇಡೀ ತಂಡವನ್ನು ಮನೆಯವರ ಸಮೇತ ನಾಲ್ಕು ದಿನ ಕೊರಿಯಾಕ್ಕೆ ಕಳಿಸುತ್ತೇವೆ ಎಂದರು. ಅದರಲ್ಲಿ ಒಂದು ಇಡೀ ದಿನ ಹಿಮದ ಮೇಲೆ ಸ್ಕೀಯಿಂಗ್.

ಗದಗಿನಲ್ಲಿ ಬೆಳೆದ ನನಗಾಗಲಿ, ಬಾಗಲಕೋಟೆಯ ನನ್ನ ಹೆಂಡತಿಗಾಗಲಿ ಹಿಮದ ಗಂಧಗಾಳಿ ಇರಲಿಲ್ಲ. ಮದುವೆಯಾಗಿ ಮೂರು ವರ್ಷವಾಗಿತ್ತು. ಜುರಾಂಗ್ ವೆಸ್ಟ್‌ನ ಏಳನೆಯ ಮಹಡಿಯಲ್ಲಿ ಬಾಡಿಗೆ ಮನೆ. ಆ ಹಳೆಯ ಬ್ಲಾಕಿನ ಲಿಫ್ಟು ಎಲ್ಲ ಮಹಡಿಗೂ ನಿಲ್ಲುತ್ತಿರಲಿಲ್ಲ. ಐದನೆಯದರಲ್ಲಿ ಇಳಿದು ಎರಡು ಮಹಡಿ ಹತ್ತಬೇಕು. ಆಗಿನ ಕೆಲವು ವಾರಗಳಲ್ಲಿ ಅವಳು ತರಕಾರಿ ಚೀಲ ಹಿಡಿದು ಆ ಮೆಟ್ಟಿಲುಗಳ ಮಧ್ಯೆ ನಿಂತುಬಿಡುತ್ತಿದ್ದಳು. ನಾನು ಮೇಲಿನಿಂದ ಕೀಲಿಕೈ ಅಲ್ಲಾಡಿಸುತ್ತ ಕಾಯುತ್ತಿದ್ದೆ. ಮನೆಯಲ್ಲೇ ಕೂತು ಮೈ ಜಡವಾಗಿದೆ ಎಂದುಕೊಂಡೆ. ಒಮ್ಮೆ ಹಾಗೆಂದು ಅಂದೂ ಬಿಟ್ಟೆ. ಅವಳು ನಕ್ಕಳು.

ಬಟ್ಟೆ, ಬೂಟು, ಸ್ಕೀ ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತವೆ, ಬೆನ್ನಿಗೆ ಹಾಕುವ ಬ್ಯಾಗು ಮಾತ್ರ ನೀವೇ ತನ್ನಿ ಎಂದು ಆಫೀಸಿನಿಂದ ಪಟ್ಟಿ ಬಂತು. ಒಂದು ಭಾನುವಾರ ಮಧ್ಯಾಹ್ನ ಪಟ್ಟಣದ ಒಂದು ಹಳೆಯ ಅಂಗಡಿಗೆ ಹೋದೆವು. ಬೆಟ್ಟ ಹತ್ತುವವರ ಸಾಮಾನು ಮಾರುವ ಚಿಕ್ಕ ಅಂಗಡಿ. ಮಾಲೀಕ ಅರವತ್ತು ದಾಟಿದ ಚೀನೀ ಮನುಷ್ಯ. ಅವರಿಗೆ ಗಡಿಬಿಡಿಯೇ ಇರಲಿಲ್ಲ. ನಾನು ಎದುರಿಗೆ ತೂಗುಹಾಕಿದ್ದ ದೊಡ್ಡ ಬ್ಯಾಗಿಗೆ ಕೈ ಹಾಕಿದರೆ ಬೇಡವೆಂದು ತಲೆಯಾಡಿಸಿದರು.

"ಒಂದು ದಿನಕ್ಕೆ ಇಷ್ಟು ದೊಡ್ಡದು ಯಾಕೆ? ದೊಡ್ಡದಿದ್ದರೆ ತುಂಬ್ತೀರಿ. ತುಂಬಿದ್ರೆ ಬೀಳ್ತೀರಿ ಲಾ," ಎಂದರು, ಮಾತಿನ ಕೊನೆಗೆ 'ಲಾ' ಸೇರಿಸುವ ತಮ್ಮ ಇಂಗ್ಲಿಷಿನಲ್ಲಿ.

ಮತ್ತೆ ಒಂದೊಂದಾಗಿ ಹೇಳಿದರು. ಇಪ್ಪತ್ತು ಲೀಟರಿನದು ಸಾಕು. ಬೆನ್ನಿಗೆ ಅಂಟಿಕೊಂಡಂತೆ ತೆಳ್ಳಗಿರಬೇಕು. ಪಟ್ಟಿಗಳ ತುದಿ ಜೋಲಾಡಬಾರದು, ಗುಡ್ಡದ ಮೇಲೆ ಒಯ್ಯುವ ತೂಗುಕುರ್ಚಿಗೆ ಸಿಕ್ಕಿಕೊಂಡರೆ ಕಷ್ಟ. ಜಿಪ್ ಎಳೆಯುವ ದಾರ ಗ್ಲೋವ್ಸ್ ಹಾಕಿದ ಕೈಗೂ ಸಿಗಬೇಕು. ಒಳಗೆ ಒಂದು ಜೊತೆ ಒಣ ಗ್ಲೋವ್ಸ್, ಒಂದು ಸ್ವೆಟರ್, ನೀರು, ತಿನ್ನಲು ಏನಾದರೂ. ಎದೆಯ ಮೇಲಿನ ಪಟ್ಟಿ, ಸೊಂಟದ ಬೆಲ್ಟು ಎರಡನ್ನೂ ಬಿಗಿಯಬೇಕು, ಇಲ್ಲದಿದ್ದರೆ ತಿರುಗುವಾಗ ಬ್ಯಾಗು ಒಂದು ಕಡೆ, ನಾವು ಒಂದು ಕಡೆ.

ನನ್ನದು ಬೇಗ ಆಯಿತು. ಅವಳಿಗೆ ನೀಲಿ ಬಣ್ಣದ್ದೊಂದು ಹಿಡಿಸಿತು. ಮಾಲೀಕರು ಅದರೊಳಗೆ ಮರಳಿನ ಎರಡು ಸಣ್ಣ ಚೀಲ ಇಟ್ಟು ಅವಳ ಬೆನ್ನಿಗೆ ಏರಿಸಿ, ಅಂಗಡಿಯೊಳಗೇ ಇದ್ದ ಮರದ ಏಣಿಮೆಟ್ಟಿಲನ್ನು ನಾಲ್ಕು ಸಲ ಹತ್ತಿ ಇಳಿಯಲು ಹೇಳಿದರು. ಎರಡನೆಯ ಸಲಕ್ಕೆ ಅವಳು ನಿಂತಳು. ತುಟಿ ಒಣಗಿತ್ತು.

"ಭಾಳ ಭಾರ ಅನ್ನಸ್ತದರೀ," ಎಂದಳು.

"ನಾಕು ಕಿಲೋನೂ ಇಲ್ಲ ಅದು. ಅಷ್ಟಕ್ಕ ಹಿಂಗ ಮಾಡಿದ್ರ ಅಲ್ಲಿ ಹೆಂಗ?"

ಮಾಲೀಕರು ಸೊಂಟದ ಬೆಲ್ಟು ಬಿಗಿಯಲು ತೋರಿಸಿದರೆ ಅವಳು ಅದನ್ನು ಮತ್ತೆ ಸಡಿಲ ಮಾಡಿಕೊಂಡಳು. ಒಮ್ಮೆ, ಎರಡು ಸಲ. ನನಗೆ ರೇಗಿತು. "ಅವ್ರು ಹೇಳಿದಂಗ ಕಟ್ಕೋ. ಎಲ್ಲಾರ ಮುಂದ ನಗೆಪಾಟಲು ಆಗಬ್ಯಾಡ," ಎಂದೆ. ಭಾಷೆ ತಿಳಿಯದಿದ್ದರೂ ದನಿ ಯಾರಿಗಾದರೂ ತಿಳಿಯುವಂಥದು. ಮಾಲೀಕರು ನನ್ನ ಮುಖ ನೋಡಿದರು, ಅವಳ ಕೈ ನೋಡಿದರು. ಆ ಕೈ ಹೊಟ್ಟೆಯ ಮೇಲಿತ್ತು. ಅವರು ಬ್ಯಾಗನ್ನು ಇಳಿಸಿ, ಒಂದು ಸ್ಟೂಲ್ ಎಳೆದುಕೊಟ್ಟು, ಒಳಗಿನಿಂದ ಬಿಸಿನೀರು ತಂದರು. ನನಗೆ ಮಾತ್ರ ಹೇಳಿದರು: "ಇವರಿಗೆ ಬ್ಯಾಗು ಬೇಡ. ಇಬ್ಬರದೂ ನೀವೇ ಹೊತ್ತುಕೊಳ್ಳಿ."

ನನಗೆ ಅವಮಾನವಾದಂತಾಯಿತು. ನನ್ನ ಬ್ಯಾಗೊಂದನ್ನೇ ಕೊಂಡು ಹೊರಬಿದ್ದೆವು. ಎಂಆರ್‌ಟಿ ರೈಲಿನಲ್ಲಿ ನಾನು ಅವಳ ಪಕ್ಕ ಬಿಟ್ಟು ಬಾಗಿಲ ಬಳಿ ನಿಂತೆ.

ಹತ್ತು ದಿನದ ಮೇಲೆ ಒಂದು ಬೆಳಿಗ್ಗೆ ಅವಳು ಅದೇ ಮೆಟ್ಟಿಲುಗಳ ಮೇಲೆ ಕುಸಿದು ಕೂತಳು. ಎದುರು ಮನೆಯ ಮಲಯ ಆಂಟಿ ನನಗೆ ಫೋನ್ ಮಾಡಿದರು. ದ್ವೀಪದಿಂದ ಹೊರಡಲು ಕಂಪನಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಸೇಫ್ಟಿ ಆಫೀಸರ್ ತಮ್ಮ ಕಾರಿನಲ್ಲಿ ಗೇಟು ದಾಟಿಸಿ ಆಸ್ಪತ್ರೆಗೆ ಬಿಟ್ಟರು. ನಾನು ತಲುಪುವಷ್ಟರಲ್ಲಿ ಅವಳಿಗೆ ಆಕ್ಸಿಜನ್ ಹಾಕಿದ್ದರು.

ಡಾಕ್ಟರು ಎರಡು ಸಂಗತಿ ಹೇಳಿದರು. ಅವಳು ಬಸುರಿ, ಹತ್ತು ವಾರ ತುಂಬಿತ್ತು. ಅವಳ ಹೃದಯದ ಒಂದು ಕವಾಟ ತೀರ ಕಿರಿದಾಗಿತ್ತು. ಚಿಕ್ಕಂದಿನಲ್ಲಿ ಜ್ವರ ಬಂದು ಕೀಲುಗಳು ಊದಿದ್ದವೇ ಎಂದು ಕೇಳಿದರು. ಆರನೆಯ ತರಗತಿಯಲ್ಲಿ ಒಂದು ತಿಂಗಳು ಶಾಲೆಗೆ ಹೋಗಿರಲಿಲ್ಲ ಎಂದು ಅವಳು ಹೇಳಿದಳು. ನನಗೆ ಅದು ಗೊತ್ತಿರಲಿಲ್ಲ. ಆ ಜ್ವರ ಒಳಗೆ ಬಿಟ್ಟುಹೋದ ಗಾಯ ಇಷ್ಟು ವರ್ಷ ಸುಮ್ಮನಿತ್ತು. ಈಗ ಎರಡು ಜೀವಕ್ಕೆ ರಕ್ತ ದೂಡಬೇಕಾಗಿ ಬಂದು ಹೃದಯ ಸೋತಿತ್ತು.

ಡಾಕ್ಟರು ಹೋದ ಮೇಲೆ ಕೇಳಿದೆ. "ಬಸುರಿ ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ತರೀ. ಮನ್ಯಾಗ ಟೆಸ್ಟ್ ಮಾಡಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

"ಅಲ್ಲಿ ಹೋದ ಮ್ಯಾಲೆ ಹೇಳಬೇಕಂತ ಇದ್ದೆ. ನಾ ಏನು ಸ್ಕೀಯಿಂಗ್ ಮಾಡಾಕಿ ಇರಲಿಲ್ಲ, ಕೆಳಗ ಕೂಡತಿದ್ದೆ." ಮತ್ತೆ ಹೇಳಿದಳು, "ದಣಿವು ಅದರದೇ ಅಂತ ತಿಳಿದಿದ್ದೆ. ಎಲ್ಲಾರಿಗೂ ಹಿಂಗ ಆಗತದ ಅಂತ."

"ಅಂಗಡ್ಯಾಗರ ಹೇಳಬೇಕಿತ್ತು."

"ನೀವು ಸಿಟ್ಟಿನಾಗಿದ್ರಿ," ಎಂದಳು. ಆ ಮಾತಿನಲ್ಲಿ ದೂರಿರಲಿಲ್ಲ. ಆವತ್ತಿನ ಬಿಸಿಲನ್ನು ಹೇಳಿದ ಹಾಗೆ ಹೇಳಿದಳು.

ಔಷಧಿ, ವಿಶ್ರಾಂತಿಯ ಮೇಲೆ ನೋಡೋಣ ಎಂದಿದ್ದರು. ಆದರೆ ಆರನೆಯ ದಿನ ರಕ್ತ ಹೋಗಲು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಹೃದಯಕ್ಕೂ ಇದಕ್ಕೂ ಸಂಬಂಧವಿದೆಯೋ ಇಲ್ಲವೋ ಖಚಿತವಾಗಿ ಹೇಳಲಾಗದು, ಯಾರ ತಪ್ಪೂ ಅಲ್ಲ ಎಂದು ನರ್ಸ್ ನನ್ನ ಭುಜ ತಟ್ಟಿ ಹೇಳಿದಳು. ಅದನ್ನು ನಾನು ಆ ನರ್ಸಿನ ಬಾಯಿಂದ ಮೂರು ಸಲ ಹೇಳಿಸಿದೆ.

ಎರಡು ತಿಂಗಳ ನಂತರ ತೊಡೆಯ ರಕ್ತನಾಳದ ಮೂಲಕ ಬಲೂನು ಕಳಿಸಿ ಕವಾಟವನ್ನು ಅಗಲ ಮಾಡಿದರು. ಅವಳು ಚೇತರಿಸಿಕೊಂಡಳು. ಮುಂದೆ ಮಗು ಬೇಕಿದ್ದರೆ ಮೊದಲು ನಮ್ಮನ್ನು ಕೇಳಿ ಎಂದು ಡಾಕ್ಟರು ಹೇಳಿದ್ದರು. ನಾವು ಕೇಳಲಿಲ್ಲ. ಒಂದು ವರ್ಷ ಅವಳು ಆ ಮಾತೆತ್ತುವುದನ್ನು ನಾನು ಕಾಯುತ್ತಿದ್ದೆ. ನಾನು ಎತ್ತಲಿ ಎಂದು ಅವಳು ಕಾಯುತ್ತಿದ್ದಳೇನೋ. ಆಮೇಲೆ ಇಬ್ಬರಿಗೂ ಕಾಯುವುದು ರೂಢಿಯಾಗಿಬಿಟ್ಟಿತು.

ಕೊರಿಯಾಕ್ಕೆ ತಂಡದ ಮಿಕ್ಕವರು ಹೋದದ್ದು ಬಲೂನು ಚಿಕಿತ್ಸೆಗಿಂತ ಮುಂಚೆ, ಮಗು ಹೋದ ಕೆಲವೇ ದಿನಕ್ಕೆ. ಅವರು ಸ್ಕೀಯಿಂಗ್ ಮಾಡಬೇಕಿದ್ದ ದಿನ ನಾನು ರಜೆಯಲ್ಲಿ ಮನೆಯಲ್ಲೇ ಇದ್ದೆ. ಅವಳು ಆಸ್ಪತ್ರೆಯಿಂದ ಬಂದು ನಾಲ್ಕು ದಿನವಾಗಿತ್ತು, ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ಹೊರಗೆ ಒಣಹಾಕಿದ ಬಟ್ಟೆಯ ಬಿದಿರುಗೋಲುಗಳು, ಆಚೆಗೆ ಮಸುಕು ಆಕಾಶ.

"ನೀವರ ಹೋಗಬೇಕಿತ್ತು," ಎಂದಳು.

"ಬ್ಯಾಡ ಬಿಡು."

ಊಟಕ್ಕೆ ಅನ್ನ, ಹೆಸರುಬೇಳೆ ಮಾಡಿದೆ. ನನಗೆ ಅಡುಗೆ ಅಷ್ಟಾಗಿ ಬರುತ್ತಿರಲಿಲ್ಲ. ಬೇಳೆಗೆ ಉಪ್ಪು ಹೆಚ್ಚಾಗಿತ್ತು. ಅವಳು ನಿಧಾನವಾಗಿ ಉಂಡಳು, ತಟ್ಟೆ ಎತ್ತಲು ಏಳಹೋದಳು. ನಾನು ತಟ್ಟೆ ಇಸಿದುಕೊಂಡೆ.