ಕೂಗುಮಾರಿಗೆ ದನಿ ಕೊಟ್ಟವರು

ಲಾಕ್‌ಡೌನ್‌ಗಳೆಲ್ಲ ಮುಗಿದು ಊರು ಮಾಮೂಲಿಗೆ ಮರಳುತ್ತಿದ್ದ ವರ್ಷ ಅದು. ನಾನಾಗ ಬಸವೇಶ್ವರನಗರದ ಒಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಮುಖ್ಯ ಸೌಂಡ್ ಎಂಜಿನಿಯರ್ ಆಗಿದ್ದೆ. ಕ್ಯಾಸೆಟ್ ಕಾಲದ ಭಕ್ತಿಗೀತೆಗಳಿಂದ ಶುರು ಮಾಡಿ ರೇಡಿಯೋ ಜಾಹೀರಾತು, ಡಬ್ಬಿಂಗ್ ಎಲ್ಲ ದಾಟಿ ಬಂದವನಿಗೆ ವಿಡಿಯೋ ಗೇಮ್ ಕೆಲಸ ಮಾತ್ರ ಹೊಸದು. ಪಿಶಾಚಿಗಳ ದನಿ ಹಿಡಿಯುವ ಕೆಲಸ ಈ ವಯಸ್ಸಿನಲ್ಲಿ ಬಂತಲ್ಲ ಎಂದು ಮನೆಯಲ್ಲಿ ಹೇಳಿಕೊಂಡು ನಕ್ಕಿದ್ದೆ.

ಕೆಲಸ ತಂದವನು ಕಿರಣ್. ಲಗ್ಗೆರೆಯ ಹುಡುಗ, ಗೇಮಿನ ಕಥೆ ಬರೆದು ವಿನ್ಯಾಸ ಮಾಡುವವನು. ಅವನದು ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಆಡುವವರು ಒಂದು ಪಾತ್ರವಾಗಿ ಕಲ್ಪಿತ ಲೋಕದೊಳಗೆ ಹೋಗಿ, ಅಲ್ಲಿ ಸಿಕ್ಕವರ ಜತೆ ಮಾತಾಡಿ, ಕಾದಾಡಿ ಮುಂದೆ ಸಾಗುವ ಆಟ. ಈ ಆಟದಲ್ಲಿ ಆಟಗಾರರು ಅಜ್ಜಿಯೊಬ್ಬಳು ಸಾಕಿದ ಹುಡುಗಿಯಾಗುತ್ತಾರೆ. ಅಜ್ಜಿ ಕಾಡಿನಲ್ಲಿ ಕಾಣೆಯಾಗಿದ್ದಾಳೆ. ಹುಡುಕಿ ಹೊರಟವಳ ಹಿಂದೆ ಕೂಗುಮಾರಿಗಳು ಬೀಳುತ್ತವೆ. ಬೇಕಾದ ರೂಪ ತಾಳಬಲ್ಲ ಆ ಪಿಶಾಚಿಗಳು, ಹುಡುಗಿ ರಾತ್ರಿ ತಂಗಿದ ಗುಡಿಸಲಿಗೆ ಅಜ್ಜಿಯ ವೇಷದಲ್ಲೇ ಬಂದು, ಅವಳ ದನಿಯಲ್ಲೇ ಕರೆಯುತ್ತವೆ. ನಂಬಿ ಬಾಗಿಲು ತೆಗೆದರೆ ಹುಡುಗಿಯ ಶಕ್ತಿ ಹೀರಿಬಿಡುತ್ತವೆ. ನಿಜವಾದ ಅಜ್ಜಿ ಬಂದಾಗ ತೆಗೆಯದಿದ್ದರೆ ಅವಳು ಮತ್ತೆ ಕಾಡು ಸೇರುತ್ತಾಳೆ. ನೋಡುವುದಕ್ಕೆ ಅಜ್ಜಿಗೂ ಮಾರಿಗೂ ಎಳ್ಳಷ್ಟು ವ್ಯತ್ಯಾಸವಿಲ್ಲ.

"ಕೇಳಿಸಿಕೊಂಡೇ ಕಂಡುಹಿಡೀಬೇಕು ಸಾರ್. ಇಡೀ ಆಟ ನಿಮ್ಮ ಮೇಲೇ ನಿಂತಿದೆ" ಅಂದ ಕಿರಣ್.

ಎರಡೂ ಪಾತ್ರಗಳಿಗೆ ನಾನು ಸೂಚಿಸಿದ್ದು ಸರ್ವಮಂಗಳಮ್ಮನವರ ಹೆಸರು. ದಾವಣಗೆರೆ ಕಡೆಯವರು. ಮದುವೆಯಾಗಿ ಇಲ್ಲಿನ ವಿಜಯನಗರ ಬಡಾವಣೆಗೆ ಬಂದು, ಹವ್ಯಾಸಿ ನಾಟಕಗಳಲ್ಲಿ, ರೇಡಿಯೋ ನಾಟಕಗಳಲ್ಲಿ ಬಹಳ ಕಾಲ ದುಡಿದವರು. ಗಂಡ ತೀರಿಕೊಂಡ ಮೇಲೆ ಹೇರೋಹಳ್ಳಿಯಲ್ಲಿ ಮಗಳು ಉಷಾ ಕಟ್ಟಿಸಿದ ಮನೆಯಲ್ಲಿದ್ದರು. ನಾನು ಹಿಂದೆ ಅವರ ದನಿಯನ್ನು ಎಷ್ಟೋ ಸಲ ರೆಕಾರ್ಡ್ ಮಾಡಿದ್ದೆ. ಏರುದನಿಯಲ್ಲಿ ಕಂಚು, ಇಳಿದರೆ ಬೆಲ್ಲದ ಪಾಕ.

ಮೊದಲ ದಿನ ನಾನು ಮಾರಿಯ ಮಾತಿಗೆ ಎಫೆಕ್ಟ್ ಹಾಕಿ, ಗುಹೆಯೊಳಗಿಂದ ಬಂದ ಹಾಗೆ ಗುಂಯ್‌ಗುಡಿಸಿ ಕೇಳಿಸಿದೆ. ಅವರು ಹೆಡ್‌ಫೋನ್ ತೆಗೆದಿಟ್ಟರು.

"ಇದಕ್ಕೆ ಯಂತ್ರದ ಕರಾಮತ್ತು ಬ್ಯಾಡ್ರಿ ಪ್ರಕಾಶ್. ಮಾರಿಗೆ ಬಾಗಿಲು ತೆಗಿಸ್ಕೋಬೇಕಾಗೇತಿ. ಅದಕ್ಕೇ ಅದು ಭಾಳ ಪ್ರೀತಿಲೆ ಕರೀತದ. ಖರೇ ಅಜ್ಜಿಗೆ ಅಂಥ ಜರೂರು ಏನೈತಿ? ಆಕಿ ಬೈತಾಳ."

ಕಿರಣ್ ಆ ದಿನವೇ ಸಂಭಾಷಣೆ ತಿದ್ದಲು ಕೂತ. ಅಜ್ಜಿಯ ಮಾತು ಹೀಗಾಯಿತು: "ಲೇ, ಕಿವಿ ಎಲ್ಲಿಟ್ಟಿದೀಯೇ? ಎಷ್ಟೊತ್ತಿಂದ ಬಾಗಿಲು ಬಡೀತಿದೀನಿ." ಮಾರಿಯದು ಹೀಗೆ: "ಬಾಗಿಲು ತೆಗಿಯೇ ನನ್ನವ್ವ. ನಾನು ಕಣೇ."

ಮೊದಲು ರೆಕಾರ್ಡ್ ಆದದ್ದು ಮಾರಿಯ ಭಾಗ. ಅದಕ್ಕೆ ಕಾರಣವಿತ್ತು. ಅಜ್ಜಿಯ ಮುಖ ಕರಗಿ ಪಿಶಾಚಿಯಾಗುವ ದೃಶ್ಯಗಳನ್ನು ಚಿತ್ರಿಸುವ ಅನಿಮೇಷನ್ ತಂಡಕ್ಕೆ ಬಹಳ ಸಮಯ ಹಿಡಿಯುತ್ತಿತ್ತು. ತುಟಿಯ ಚಲನೆ ಹೊಂದಿಸಲು ಅವರಿಗೆ ಮಾತು ಮೊದಲೇ ಬೇಕಿತ್ತು. ಅಜ್ಜಿಯ ಮಾತು ಆಮೇಲೆ ನಿಧಾನವಾಗಿ ಮಾಡೋಣ ಎಂದು ಎಲ್ಲರೂ ಒಪ್ಪಿದ್ದೆವು.

ಸರ್ವಮಂಗಳಮ್ಮ ಬೆಳಿಗ್ಗೆ ತಿಂಡಿ ಮುಗಿಸಿ ಆಟೋದಲ್ಲಿ ಬರುತ್ತಿದ್ದರು. ಫ್ಲಾಸ್ಕಿನಲ್ಲಿ ಜೀರಿಗೆ ಕುದಿಸಿದ ನೀರು. ಮೈಕಿನ ಮುಂದೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುವುದು ಅವರ ಅಭ್ಯಾಸ. "ನಾನು ಕಣೇ" ಎಂದು ಅವರು ಮೆಲ್ಲಗೆ ಅಂದಾಗ ಗಾಜಿನ ಈಚೆ ಕೂತ ನನ್ನ ಮೈ ಜುಂ ಅಂದಿತ್ತು. ಪಕ್ಕದಲ್ಲಿದ್ದ ಕಿರಣ್, "ನಾನಾಗಿದ್ರೆ ತೆಗೆದುಬಿಡ್ತಿದ್ದೆ ಸಾರ್" ಅಂದ.

ಟೇಕ್‌ಗಳ ನಡುವೆ ಅವರ ಬಾಯಿಗೆ ಬಿಡುವಿರಲಿಲ್ಲ. ಕಾಫಿಗೆ ಸಕ್ಕರೆ ಸುರಿದುಕೊಂಡದ್ದಕ್ಕೆ ನನ್ನನ್ನು ಬೈಯುವರು. ಕಿರಣ್ ತಿಂಡಿ ಬಿಟ್ಟು ಬಂದರೆ ಅವನನ್ನು. "ನಮ್ಮ ಹೇರೋಹಳ್ಳಿ ರಸ್ತೆದಾಗ ದಿನಾ ಬಂದ್ರ ಮೊದಲು ಸೊಂಟ ಹೋಗ್ತದ, ಆಮ್ಯಾಲೆ ಗಂಟಲು" ಎಂದು ನಗಿಸುವರು. ಆಗಲೇ ದನಿ ಸ್ವಲ್ಪ ಒಡೆಯುತ್ತಿತ್ತು. ರಸ್ತೆಯ ಧೂಳು ಅಂದರು. ನಾವೂ ಧೂಳೇ ಅಂದುಕೊಂಡೆವು.

ಮಾರಿಯ ಭಾಗ ಮುಗಿಯಿತು. ಅಜ್ಜಿಯ ರೆಕಾರ್ಡಿಂಗ್ ಮುಂದಿನ ವಾರ ಎಂದು ಗೊತ್ತಾಗಿತ್ತು. ಅದಕ್ಕೆ ಮುಂಚೆ ಉಷಾ ಫೋನ್ ಮಾಡಿದರು.

"ಅಮ್ಮ ಬರೋಕಾಗಲ್ಲ ಸಾರ್. ಗಂಟಲಲ್ಲಿ ಗಡ್ಡೆ ಇದೆ ಅಂತಾರೆ. ಬಯಾಪ್ಸಿ ರಿಪೋರ್ಟ್ ಬಂತು, ಕ್ಯಾನ್ಸರ್ ಅಂತೆ. ಮಾತೇ ಆಡಬಾರದು, ಬೇಗ ಆಪರೇಷನ್ ಆಗಬೇಕು ಅಂದ್ರು."

ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯ ಒಂದು ಭಾಗ ತೆಗೆದರು. ಜೀವ ಉಳಿಯಿತು. ದನಿ ಉಳಿಯಲಿಲ್ಲ. ತಿಂಗಳುಗಳ ನಂತರವೂ ಬರುತ್ತಿದ್ದದ್ದು ಉಸಿರು ಬೆರೆತ ಪಿಸುಮಾತು ಮಾತ್ರ.

ಗೇಮಿನ ಪ್ರಕಾಶಕರಿಗೆ ಇನ್ನೊಂದು ಯೋಚನೆ ಬಂತು. ರೆಕಾರ್ಡ್ ಆದ ದನಿಯನ್ನು ಕಂಪ್ಯೂಟರಿಗೆ ಕಲಿಸಿದರೆ, ಅದೇ ದನಿಯಲ್ಲಿ ಹೊಸ ಮಾತು ಹೇಳಿಸಬಹುದು. ಇದಕ್ಕೆ ವಾಯ್ಸ್ ಕ್ಲೋನಿಂಗ್ ಎನ್ನುತ್ತಾರೆ. ಸರ್ವಮಂಗಳಮ್ಮನವರನ್ನು ಕೇಳದೆ ಮಾಡುವುದು ಬೇಡ ಎಂದು ಹೇಳಿ, ಉಷಾಗೆ ವಿಷಯ ತಿಳಿಸಿದೆ. ಉಷಾ ತಮ್ಮ ತಾಯಿಯನ್ನು ವಿಚಾರಿಸಿ, "ಒಂದೆರಡು ಮಾತು ಮಾಡಿ ತನ್ನಿ, ನೋಡೋಣ" ಅಂದರು. ಮಾಡಿಸಿಕೊಂಡು, ಕಿರಣ್ ಜತೆ ಹೇರೋಹಳ್ಳಿಗೆ ಹೋದೆ.

ಸರ್ವಮಂಗಳಮ್ಮ ಕತ್ತಿಗೆ ಹತ್ತಿಯ ಸ್ಕಾರ್ಫ್ ಸುತ್ತಿಕೊಂಡು ನಡುಮನೆಯಲ್ಲಿ ಕೂತಿದ್ದರು. ತುಂಬ ಇಳಿದುಹೋಗಿದ್ದರು. ಲ್ಯಾಪ್‌ಟಾಪಿನಲ್ಲಿ ಅಜ್ಜಿಯ ಬೈಗುಳ ಹಾಕಿದೆ. "ಲೇ, ಕಿವಿ ಎಲ್ಲಿಟ್ಟಿದೀಯೇ?" ದನಿ ಅವರದೇ. ಒಂದು ಅಕ್ಷರವೂ ತಪ್ಪಿರಲಿಲ್ಲ. ಆದರೆ ಆ ಯಂತ್ರ ಕಲಿತದ್ದೆಲ್ಲ ಮಾರಿಯ ಮಾತಿನಿಂದ. ಬೈಗುಳದಲ್ಲೂ ಆ ಸವಿ ಜಿನುಗುತ್ತಿತ್ತು.

ಉಷಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಅಮ್ಮ ಹೀಗೆ ಬೈಯಲ್ಲ" ಅಂದರು.

ಸರ್ವಮಂಗಳಮ್ಮ ನನ್ನನ್ನು ಹತ್ತಿರ ಕರೆದರು. ಕಿವಿಗೊಟ್ಟು ಕೇಳಬೇಕಾಯಿತು. "ಮಾರಿ ಕಡಿಂದ ಬೈಸೀರಲ್ರಿ. ಬ್ಯಾಡ. ಬ್ಯಾರೆ ಯಾರನ್ನರ ಕರಕೊಂಬರ್ರಿ, ನಾ ಹೇಳಿಕೊಡ್ತೀನಿ."

ಕುರುಬರಹಳ್ಳಿಯ ಲಲಿತಾ ಎಂಬ ಕಲಾವಿದೆಯನ್ನು ಕರೆಸಿದೆವು. ಸರ್ವಮಂಗಳಮ್ಮ ಸ್ಟುಡಿಯೋಗೆ ಬಂದು ಅವರ ಎದುರಿಗೇ ಕುರ್ಚಿ ಹಾಕಿಸಿಕೊಂಡು, ಕೈಯಲ್ಲಿ, ಹುಬ್ಬಿನಲ್ಲಿ ಕಲಿಸಿದರು. ಮಾತು ಎಲ್ಲಿ ಎತ್ತಬೇಕು, ಎಲ್ಲಿ ಕಡಿಯಬೇಕು ಎಂದು ಬೆರಳಿನಲ್ಲಿ ತೋರಿಸುತ್ತಿದ್ದರು. ಲಲಿತಾ ಚೆನ್ನಾಗಿಯೇ ಮಾಡಿದರು. ದನಿ ಹತ್ತಿರ ಹತ್ತಿರ ಬಂತು. ಟೇಕ್ ಓಕೆ ಅಂದಾಗ ಸರ್ವಮಂಗಳಮ್ಮ ಚಪ್ಪಾಳೆ ತಟ್ಟಿದರು. ಆಮೇಲೆ ಸೆರಗಿನಿಂದ ಕಣ್ಣು ಒತ್ತಿಕೊಂಡದ್ದನ್ನು ನಾನು ಕಂಡೂ ಕಾಣದ ಹಾಗೆ ಮಾನಿಟರ್ ನೋಡುತ್ತಾ ಕೂತೆ.

ಅವತ್ತು ಅವರನ್ನು ಕರೆದೊಯ್ಯಲು ಬಂದ ಉಷಾ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದರು.

"ಸಾರ್, ಅಮ್ಮ ಇಲ್ಲಿ ನಿಮ್ಮ ಹತ್ರ ಸುಮ್ನೆ ಮಾತಾಡಿರ್ತಾರಲ್ಲ, ನಾಟಕದ್ದಲ್ಲ, ಹಾಗೇ ಹರಟೆ. ಅದೇನಾದ್ರೂ ಇದೆಯಾ? ಮನೇಲಿ ವಿಡಿಯೋ ಮಾಡೋಕೆ ಹೋದ್ರೆ ಅಮ್ಮ ಬಾಯಿ ಮುಚ್ಚಿಕೊಳ್ಳೋರು. ನಮ್ಮ ಹತ್ರ ಒಂದೂ ಇಲ್ಲ."

ಹುಡುಕಿ ಹೇಳುತ್ತೇನೆ ಅಂದೆ. ಬ್ಯಾಕಪ್ ಡಿಸ್ಕುಗಳನ್ನೆಲ್ಲ ತೆಗೆದು ಕೂತೆ. ನಮ್ಮ ವೃತ್ತಿಯಲ್ಲಿ ಒಂದು ಪದ್ಧತಿಯಿದೆ. ಟೇಕ್ ಮುಗಿದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸುತ್ತೇವೆ. ಎಡಿಟಿಂಗ್‌ನಲ್ಲಿ ಮಾತಿನ ಹಿಂದುಮುಂದಿನ ಕೆಮ್ಮು, ನಗು, ಹರಟೆ ಕತ್ತರಿಸಿ, ಚೊಕ್ಕ ಮಾಡಿದ್ದನ್ನು ಮಾತ್ರ ಉಳಿಸುತ್ತೇವೆ. ಹಳೆಯ ರೇಡಿಯೋ ನಾಟಕದ ಟೇಪುಗಳು ಮರುಬಳಕೆಯಾಗಿ ಎಂದೋ ಹೋಗಿದ್ದವು. ಸಿಕ್ಕಿದ್ದೆಲ್ಲ ಮಾರಿಯ ಮಾತು. ಒಂದು ಫೈಲಿನ ಕೊನೆಗೆ ಅವರು "ಪ್ರಕಾ" ಅನ್ನುವಷ್ಟರಲ್ಲಿ ದನಿ ಕಡಿದಿತ್ತು. ಏನು ಹೇಳಲು ಹೊರಟಿದ್ದರೋ ಗೊತ್ತಿಲ್ಲ. ಸಕ್ಕರೆಯದೇ ಇರಬೇಕು.

ಉಷಾಗೆ ಫೋನಿನಲ್ಲಿ ಇಲ್ಲ ಎಂದು ಹೇಳುವುದು ಸುಲಭವಾಗಲಿಲ್ಲ.

"ಪರ್ವಾಗಿಲ್ಲ ಸಾರ್. ಆ ಮಾರಿದೇ ಕಳಿಸಿ. ಗಂಟಲು ಅಮ್ಮಂದೇ ತಾನೇ."

ಪ್ರಕಾಶಕರ ಅನುಮತಿ ಪಡೆದು ಕಳಿಸಿದೆ.

ಗೇಮ್ ಬಿಡುಗಡೆಯಾಯಿತು. ಆಡಿದವರೆಲ್ಲ ಹೆಚ್ಚು ಮಾತಾಡಿದ್ದು ಕೂಗುಮಾರಿಯ ಬಗ್ಗೆ. ಸುಳ್ಳೆಂದು ಗೊತ್ತಿದ್ದೂ ಬಾಗಿಲು ತೆಗೆದೆವು ಎಂದು ಬರೆದರು. ಕಿರಣ್ ಅವನ್ನೆಲ್ಲ ಸರ್ವಮಂಗಳಮ್ಮನವರಿಗೆ ಓದಿ ಹೇಳಿ ಬಂದ. ಖುಷಿಪಟ್ಟರಂತೆ. ಲಲಿತಾ ಮಾಡಿದ ಅಜ್ಜಿಯ ಬಗ್ಗೆ ಯಾರೂ ಏನೂ ಬರೆಯಲಿಲ್ಲವೇ ಎಂದು ಎರಡು ಸಲ ಕೇಳಿದರಂತೆ.

ವೃತ್ತಿಯುದ್ದಕ್ಕೂ ನಾನು ಗದ್ದಲ ತೆಗೆಯುವುದನ್ನೇ ಕಲಿತವನು. ಯಾವುದು ಗದ್ದಲ ಎಂದು ತೀರ್ಮಾನಿಸುವವನು ನಾನೊಬ್ಬನೇ ಅಲ್ಲ ಎಂದು ತಿಳಿದದ್ದು ಈ ಕೆಲಸದಿಂದ, ಅದೂ ತಡವಾಗಿ. ಈಗ ಯಾವ ಕಲಾವಿದರು ಬಂದರೂ ಮೊದಲೇ ಹೇಳಿ, ಮೈಕ್ ತೆರೆದಿಟ್ಟುಕೊಂಡು ಒಂದಷ್ಟು ಹೊತ್ತು ಮಾತಿಗೆ ಕೂರಿಸುತ್ತೇನೆ. ತಿಂಡಿ ಏನಾಯಿತು, ಮನೆಯಲ್ಲಿ ಯಾರ್ಯಾರಿದ್ದಾರೆ, ಬಸ್ಸು ಸಿಕ್ಕಿತೇ. ಅದನ್ನು ಕತ್ತರಿಸದೆ ಅವರ ಕೈಗೇ ಕೊಡುತ್ತೇನೆ. ಕೆಲವರು ಒಯ್ಯುತ್ತಾರೆ. ಇದೆಲ್ಲ ಯಾಕೆ ಸಾರ್ ಎಂದು ನಗುವವರೇ ಹೆಚ್ಚು. ಅಂಥವರದನ್ನು ಅವರ ಒಪ್ಪಿಗೆ ಕೇಳಿ ನಾನೇ ಇಟ್ಟುಕೊಂಡಿದ್ದೇನೆ. ಮುಂದೆ ಎಂದಾದರೂ ಅವರ ಮನೆಯಿಂದ ಯಾರಾದರೂ ಕೇಳಬಹುದು.