ದೀಪಸ್ತಂಭದ ಏಕಾದಶಿ

ನಮ್ಮ ಮಾಸ್ತರರ ಬಲಗೈ ತೋರುಬೆರಳು ತುದಿಯಲ್ಲಿ ಸೊಟ್ಟಗಿತ್ತು. ಅದನ್ನು ಗೋಡೆಯ ನಕಾಶೆಯಲ್ಲಿ ಅರಬ್ಬಿ ಸಮುದ್ರದ ನಡುವೆ ಊರಿ, "ಇಲ್ಲೊಂದು ದ್ವೀಪ ಅದ, ಮಿನಿಕಾಯ್ ಅಂತ. ಅಲ್ಲೊಂದು ಹಳೇ ದೀಪಸ್ತಂಭ. ಅದು ಇರಲಿಲ್ಲಂದ್ರ ಹಡಗೆಲ್ಲಾ ಹವಳದ ಕಲ್ಲಿಗೆ ಬಡದು ಒಡೀತಿದ್ವು" ಎನ್ನುತ್ತಿದ್ದರು. ಮಾನ್ವಿಯಲ್ಲಿ ನಮಗೆ ಭೂಗೋಳ ಕಲಿಸಿದ ಮಾಸ್ತರರು ಸಮುದ್ರವನ್ನೇ ಕಂಡವರಲ್ಲ. ಉತ್ತರ ತಪ್ಪಿದರೆ ಹೊಡೆಯುತ್ತಿರಲಿಲ್ಲ. "ನಿನ್ನ ಹಡಗ ಕಲ್ಲಿಗೆ ಬಡೀತಲೇ, ಕುಂಡ್ರು" ಎನ್ನುತ್ತಿದ್ದರು. ನನ್ನ ಹಡಗು ದಿನಾ ಬಡಿಯುತ್ತಿತ್ತು.

ಅವರು ನಿವೃತ್ತರಾಗಿ ಎಷ್ಟೋ ವರ್ಷಗಳ ಮೇಲೆ ಅವರಿಗೆ ಆ ದೀಪಸ್ತಂಭ ತೋರಿಸಬೇಕೆಂದು ನಾನೇ ಹಟ ಹಿಡಿದು ದ್ವೀಪಕ್ಕೆ ಹೋಗುವ ಪರವಾನಗಿ, ಹಡಗಿನ ಟಿಕೆಟ್ ಎಲ್ಲ ಮಾಡಿಸಿದೆ. ಅವರದು ವೈಷ್ಣವರ ಮನೆತನ, ಏಕಾದಶಿಗೆ ಹನಿ ನೀರೂ ಇಲ್ಲ. ನಾನು ಅದೇ ಸೀಮೆಯ ಜಾಲಹಳ್ಳಿಯವ, ಶಿವನ ಸೋಮವಾರ ಬಿಟ್ಟರೆ ನಮ್ಮ ಮನೆಯಲ್ಲಿ ಬೇರೆ ಉಪವಾಸವಿಲ್ಲ. ದಿನ ಗೊತ್ತುಮಾಡುವಾಗ ಪಂಚಾಂಗ ನೋಡಬೇಕೆಂದು ಹೊಳೆಯಲೇ ಇಲ್ಲ. ಅವರು ನೋಡಿದ್ದರು, ನೋಡಿಯೂ ಬಾಯಿ ಬಿಟ್ಟಿರಲಿಲ್ಲ.

ದ್ವೀಪದಲ್ಲಿ ಇಳಿದಾಗ ಸುಡುಬಿಸಿಲು. ಬೆಳಿಗ್ಗೆ ಹಡಗಿನಲ್ಲಿ ಅವರು ಚಹಾ ಬೇಡವೆಂದಾಗ, ಅಲೆಗೆ ಹೊಟ್ಟೆ ತೊಳಸುತ್ತಿರಬೇಕು ಎಂದುಕೊಂಡಿದ್ದೆ. ಬಿಳಿ ಗೋಪುರದೊಳಗೆ ಸುತ್ತು ಮೆಟ್ಟಿಲು, ಗಾಳಿಯಿಲ್ಲ. ಗಡಿಬಿಡಿಯಿಂದ ನನಗಿಂತ ಮುಂದೆ ಹತ್ತುತ್ತಿದ್ದವರು ಅರ್ಧದಲ್ಲೇ ಗೋಡೆ ಹಿಡಿದು ಕುಸಿದರು. ತುಟಿ ಬಿಳಚಿತ್ತು, ಹಣೆಯ ಬೆವರು ತಣ್ಣಗಿತ್ತು. ನಾನು ನೀರಿನ ಬಾಟಲಿ ಹಿಡಿದರೆ ಕೈಯಿಂದ ಸರಿಸಿದರು.

"ಇವತ್ತ ಏಕಾದಶಿ ಅದನೋ."

ನನಗೆ ಸಿಟ್ಟು ನೆತ್ತಿಗೇರಿತು. "ಮೊದಲ ಯಾಕ ಹೇಳಲಿಲ್ರೀ ಸರ?"

"ಹೇಳಿದ್ರ ನೀ ಎಲ್ಲಾ ರದ್ದ ಮಾಡ್ತಿದ್ದಿ. ಮುಂಜಿ ಆದಾಗಿಂದ ಒಂದೂ ಬಿಟ್ಟಿಲ್ಲ. ಸ್ವಲ್ಪ ಕುಂತ್ರ ಸರಿಹೋಗ್ತದ."

ಸರಿಹೋಗಲಿಲ್ಲ. ಮಾತು ತೊದಲಿತು, ಕಣ್ಣು ಮುಚ್ಚಿಕೊಂಡಿತು. ಕೂಗಿದರೆ ನನ್ನ ದನಿಯೇ ಗೋಡೆ ಸುತ್ತಿ ವಾಪಸು ಬರುತ್ತಿತ್ತು. ಜನರನ್ನು ಕರೆಯಲು ಇಳಿದರೆ ಇವರು ಉರುಳಿಬೀಳುತ್ತಾರೆ. ಇಲ್ಲೇ ಕೂತರೆ ಕಣ್ಣೆದುರೇ ಹೋಗುತ್ತಾರೆ. ನನಗೆ ಅಷ್ಟು ಹೆದರಿಕೆ ಯಾವತ್ತೂ ಆಗಿರಲಿಲ್ಲ. ಅವರ ಪಾದ ಹಿಡಿದು ಗೊಳೋ ಎಂದು ಅತ್ತುಬಿಟ್ಟೆ.

"ಕುಡೀರಿ ಸರ. ಪಾಪ ಏನಿದ್ರೂ ನನಗಿರಲಿ. ಮನ್ಯಾಗ ಅಮ್ಮಾರಿಗೆ ನಾ ಹೆಂಗ ಮಾರಿ ತೋರಸಲಿ?"

ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು ನನ್ನನ್ನೇ ನೋಡಿದರು. ಬಾಟಲಿ ತೆಗೆದುಕೊಂಡು ಮೂರು ಗುಟುಕು ಕುಡಿದರು.

"ನೀ ಮ್ಯಾಲ ಹೋಗಿ ದೀಪ ನೋಡಿ ಬಾ. ನನಗ ಇನ್ನ ಆಗೂದಿಲ್ಲ."

ನಾನು ಹೋಗಲಿಲ್ಲ. ಒಂದೊಂದೇ ಮೆಟ್ಟಿಲ ಮೇಲೆ ಕೂರಿಸುತ್ತ ಅವರನ್ನು ಕೆಳಗಿಳಿಸಿದೆ.

ಹೋದ ವರ್ಷ ಮಾಸ್ತರರು ತೀರಿಕೊಂಡರು. ಮಾನ್ವಿಯ ಮನೆಯಲ್ಲಿ ಸೇರಿದವರೆಲ್ಲ, "ಒಂದ ಏಕಾದಶಿನೂ ಬಿಡಲಿಲ್ಲ ಪುಣ್ಯಾತ್ಮ" ಎನ್ನುತ್ತಿದ್ದರು. ಜನ ಕರಗಿದ ಮೇಲೆ ಅವರ ಹೆಂಡತಿಯ ಮುಂದೆ ಕೂತು ತಪ್ಪೊಪ್ಪಿಕೊಂಡೆ.

"ನನಗ ಗೊತ್ತದನೋ," ಎಂದರು ಆಕೆ. "ಬಂದ ದಿನಾನೇ ಹೇಳಿದ್ರು. ಪ್ರಾಯಶ್ಚಿತ್ತ ಮಾಡ್ಕೋರಿ ಅಂದೆ. 'ನೀರಿಗ್ಯಾಕ? ಆ ಹುಡುಗನ್ನ ಅಷ್ಟೊತ್ತು ಅಳಿಸಿದ್ನಲ್ಲ, ಅದಕ್ಕ ಬೇಕಾದ್ರ ಮಾಡ್ಕೋತೀನಿ' ಅಂದ್ರು."

ಆ ಹುಡುಗನಿಗೆ ಆಗಲೇ ನಲವತ್ತು ದಾಟಿತ್ತು.